ಅವ್ವ ಕೇಳುವ ಪೇರ್ ಹಣ್ಣು

ಅಪ್ಪಾ,

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ನೀನು ಕೈಯಲ್ಲಿ ಏನೋ ಮುಚ್ಚಿ ಹಿಡಿದು ನಿಂತಿದ್ದೆ. 'ಯಾವ ಹಣ್ಣಪ್ಪಾ, ತೋರಸು' ಎಂದು ನಾನು ಓಡಿ ಬಂದರೆ ನೀನು ಬಸ್ಸು ಹತ್ತಿಬಿಟ್ಟೆ. ಎಚ್ಚರವಾದ ಕೂಡಲೇ ಪಕ್ಕದಲ್ಲಿ ಮಲಗಿದ್ದ ಅವ್ವನ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರಾಡುತ್ತಿದ್ದಳು. ಆದರೂ ಬೆರಳು ತೆಗೆಯಲು ಧೈರ್ಯ ಬರಲಿಲ್ಲ.

ನಿನಗೆ ಯಾರು ಹೇಳಬೇಕು? ನೀನು ತೀರಿಹೋದ ಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಏಳುವುದಿಲ್ಲ, ಮಾತು ತೊದಲು. ಅಂಬಲಿ ಕೊಟ್ಟರೆ ಉಗುಳುತ್ತಾಳೆ, ಗಂಜಿ ಕೊಟ್ಟರೆ ಬಾಯಿ ಬಿಗಿಯುತ್ತಾಳೆ. ಮೆತ್ತಗಿನದು ಏನಾದರೂ ಬಾಯಿಂದ ಇಳಿಯುವುದೋ ಸೋಮವಾರದವರೆಗೆ ನೋಡೋಣ, ಇಲ್ಲದಿದ್ದರೆ ಮೂಗಿನಿಂದ ನಳಿಗೆ ಹಾಕಬೇಕು ಎಂದು ಮಗರಪಟ್ಟಾದ ಡಾಕ್ಟರು ಹೇಳಿದ್ದಾರೆ. ಅವ್ವ ಅದನ್ನು ಕಿತ್ತು ಹಾಕಿದರೆ ಇದ್ದೊಂದು ಎಡಗೈಯನ್ನೂ ಮಂಚಕ್ಕೆ ಕಟ್ಟುತ್ತಾರಂತೆ. ನಾಳೆಯೇ ಸೋಮವಾರ. ಕೈ ಕಟ್ಟಿಸಿಕೊಂಡ ಅವ್ವನ ಮುಖ ನಾನು ಹೇಗೆ...

ಅವಳು ಕೇಳುವುದು ಒಂದೇ. 'ಅವರು ತರತಿದ್ರಲ್ಲ, ಆ ಪೇರ.' ನನಗೆ ನೆನಪಿಲ್ಲವೇ? ನೀನು ಕೋರ್ಟಿನ ಹೊರಗೆ ಇಡೀ ದಿನ ಟೈಪ್ ಮಾಡಿ ಬರುವಾಗ ಕಾಗದದಲ್ಲಿ ಸುತ್ತಿ ಒಂದೇ ಒಂದು ಹಣ್ಣು ತರುತ್ತಿದ್ದೆ. ಹಲ್ಲು ಬಿದ್ದ ಅವ್ವನಿಗೆ ಮಾತ್ರ. ಮೋರಿಯ ಕಡೆ ಮುಖ ಮಾಡಿ ಕೂತು ನೀನೇ ಹೆರೆದು, ಹೋಳು ಮಾಡಿ ಬಟ್ಟಲಲ್ಲಿ ಕೊಡುತ್ತಿದ್ದೆ. ನಾನು ಕೈ ಚಾಚಿದರೆ, 'ನಿನಗ ಹಲ್ಲ ಅದಾವ, ಕಬ್ಬ ತಿನ್ನ ಹೋಗ' ಅನ್ನುತ್ತಿದ್ದೆ. ಅವ್ವ ನಗುತ್ತಿದ್ದಳು. ನಾನು ಕಂಡದ್ದು ಬಟ್ಟಲಲ್ಲಿನ ಬಿಳಿ ಹೋಳು ಮಾತ್ರ. ಸಿಪ್ಪೆ ಹಸಿರೋ, ಕೆಂಪೋ, ಒಂದು ದಿನವಾದರೂ ಬಗ್ಗಿ ನೋಡಬಾರದಿತ್ತೇ ನಾನು?

ಪೇರ್ ಅಂದರೆ ಪೇರ್, ಒಂದೇ ಅಂತ ತಿಳಿದಿದ್ದೆ. ಮೊದಲು ನಾಖ್ ಎಂಬ ಜಾತಿಯದು ತಂದೆ. ಕಲ್ಲಿನಂಥದು, ಹಲ್ಲಿಗೆ ಉಸುಕು ಸಿಕ್ಕ ಹಾಗೆ. ಕುದಿಸಿದರೂ ಅವ್ವ ಒಲ್ಲೆ ಎಂದಳು. ಆಮೇಲೆ ಕಾಶ್ಮೀರದ ಬಾಬುಗೋಶಾ, ಉದ್ದ ಕುತ್ತಿಗೆಯದು. ಅದೂ ಗಟ್ಟಿ. ಚೂರು ಬಾಯಿಗಿಟ್ಟರೆ ನನ್ನ ಸೀರೆಯ ಮೇಲೇ ಉಗುಳಿದಳು. ಇದಲ್ಲ ಬಿಡು ಎಂದು ಬಿಟ್ಟೆ. ಪರದೇಶದ ಕೆಂಪು ಪೇರ್ ತಂದೆ, ನೋಡಲಿಕ್ಕೆ ಗೌರಿಯ ಮುಂದೆ ಇಡಬೇಕು ಅನ್ನುವ ಹಾಗಿತ್ತು, ಒಳಗೆ ರುಚಿಯೇ ಇಲ್ಲ. ಚೈನಾದ ದುಂಡನೆಯದು ಬರೀ ನೀರು. ಆ ನೀರು ಗಂಟಲಿಗೆ ಸಿಕ್ಕು ಅವ್ವ ಕೆಮ್ಮಿ ಕೆಮ್ಮಿ ಕಪ್ಪಾದಳು. ನಾನು ಓಣಿಗೆ ಓಡಿ ಚೀರಿದೆ ಅಪ್ಪಾ. ಆರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಈಗ ಇದೆಂಥ ಪಾಠ? ತಪ್ಪಿದರೆ ಅವ್ವನ ಜೀವವೇ...

ಇವತ್ತು ಮುಂಜಾನೆ ಮತ್ತೆ ಗಾಡಿಯ ಹತ್ತಿರ ಹೋದೆ. ಹಣ್ಣಿನ ಶರಣಪ್ಪ ಸೊಲ್ಲಾಪುರದ ಕಡೆಯವನು, ಈ ಮರಾಠಿ ಊರಿನಲ್ಲೂ ನಮ್ಮ ಕನ್ನಡ ಮಾತೇ. ನಾನು ಒಂದೊಂದನ್ನೇ ಎತ್ತಿ ತಿರುಗಿಸುವುದನ್ನು ನೋಡಿ, 'ಅಕ್ಕಾರ, ಪೇರ ತಗೊಳ್ಳಾಕ ಬಂದೀರೋ, ಹೆಣ್ಣ ನೋಡಾಕ ಬಂದೀರೋ?' ಎಂದ. ನಗು ಬರಲಿಲ್ಲ, ಅಳು ಬಂತು. ಎಲ್ಲ ಹೇಳಿದೆ. ಅವನ ದನಿ ಇಳಿಯಿತು.

'ಬಾಬುಗೋಶಾ ಯಾವಾಗ ಕೊಯ್ದ್ರಿ?'

'ತಂದ ಕೂಡ್ಲೆ.'

'ಅಯ್ಯ, ಅದು ಕಾಯಿರಿ ಇನ್ನೂ! ಗಿಡದಾಗಿಂದ ಕಾಯಿನ ಇಳಸತಾರ, ಮನ್ಯಾಗ ಇಟ್ಟ ಮ್ಯಾಲ ಹಣ್ಣಾಗತೈತಿ. ಅದೂ ಒಳಗಿಂದ. ಹೊಟ್ಟಿ ಒತ್ತಬ್ಯಾಡ್ರಿ, ತೊಟ್ಟಿನ ಬಾಜೂಕ ಒತ್ತರಿ. ಅಲ್ಲಿ ಬೆರಳ ಸ್ವಲ್ಪ ಇಳೀತಂದ್ರ ಆತು. ಹೊಟ್ಟಿ ಮೆತ್ತಗಾಗೂತನಕಾ ಕುಂತ್ರ ಒಳಗ ಕೊಳತಿರತೈತಿ.'

ಯಾವ ಹಣ್ಣು ತಂದರೂ ಒಂದನ್ನು ಮೊದಲು ನಿನ್ನ ಫೋಟೋದ ಮುಂದೆ ಇಡುತ್ತಿದ್ದೆ. ನಿನಗೆ ಎಡೆ ಇಟ್ಟದ್ದನ್ನು ಮನೆಯವರು ಮುಟ್ಟಬಾರದು ಎಂದು ಅವ್ವನೇ ಕಟ್ಟಳೆ ಮಾಡಿದ್ದಳಲ್ಲ. ನಾಲ್ಕಾರು ದಿನ ಬಿಟ್ಟು ಓಣಿಯ ಆಕಳಿಗೆ ಹಾಕುತ್ತಿದ್ದೆ. ಕಾಯಿ ಅವ್ವನಿಗೆ, ಹಣ್ಣು ಆಕಳಿಗೆ! ಇಷ್ಟು ದಿನ ನಾನು ಮಾಡಿದ್ದು ಇದೇ.

ಓಡಿ ಬಂದೆ. ಬಾಬುಗೋಶಾ ಇನ್ನೂ ನಿನ್ನ ಮುಂದೆಯೇ ಇತ್ತು. ತೊಟ್ಟಿನ ಹತ್ತಿರ ಒತ್ತಿದೆ, ಬೆರಳು ಇಳಿಯಿತು. ನಿನ್ನದನ್ನು ತೆಗೆದುಕೊಳ್ಳಬಹುದೋ ಬಾರದೋ, ಪಾಪ ಹತ್ತುವುದೋ, ಕೇಳುವುದು ಯಾರನ್ನು? ಹೆರೆದೆ. ಚಮಚದ ಬೆನ್ನಿನಿಂದ ಅರೆದು, ಅವ್ವನನ್ನು ಎತ್ತಿ ಕೂರಿಸಿ, ತುಟಿಗೆ ಹಚ್ಚಿದೆ. ನಾಲಿಗೆ ಹೊರಗೆ ಬಂತು. ಗಂಟಲು ಮೇಲೆದ್ದು ಇಳಿಯಿತು. ಅವಳು ನುಂಗುವಾಗಲೆಲ್ಲ ನಾನೂ ನುಂಗಿದೆ. ಕೆಮ್ಮಲಿಲ್ಲ ಅಪ್ಪಾ. ಅರ್ಧ ಹಣ್ಣು ಹೋಯಿತು.

ಆಮೇಲೆ ನನ್ನ ಮುಖ ನೋಡಿ, 'ಅವರು ತಿಂದ್ರೇನ ಸುಮೀ?' ಎಂದಳು. 'ತಿಂದ್ರವ್ವಾ, ಅವರದ ಆಗೇತಿ' ಎಂದೆ. ಇನ್ನೇನು ಹೇಳಲಿ? ಹಾಗೇ ನಿದ್ದೆ ಹೋದಳು.

ಆದರೆ ಅದೇ ಪೇರ್ ಹೌದೋ ಅಲ್ಲವೋ ಹೇಳಲೇ ಇಲ್ಲ. ನಾಳೆ ಡಾಕ್ಟರ ಎದುರಿಗೆ ಬಾಯಿ ಬಿಗಿದರೆ? ಇನ್ನೆರಡು ಬಾಬುಗೋಶಾ ತಂದು ಹಣ್ಣಾಗಲಿ ಎಂದು ಜೋಳದ ಡಬ್ಬಿಯಲ್ಲಿ ಹುಗಿದಿದ್ದೇನೆ. ಮೊದಲು ಅವ್ವನಿಗೆ, ಉಳಿದರೆ ನಿನಗೆ. ಇನ್ನು ಮೇಲೆ ಹೀಗೇ, ಸಿಟ್ಟಾಗಬೇಡ. ಬೇರೆ ಯಾವುದನ್ನೋ ತಂದು ಮತ್ತೆ ಅವಳನ್ನು ಕೆಮ್ಮಿಸುವ ಶಕ್ತಿ ನನಗಿಲ್ಲ. ಹಸಿರು ಹಳದಿ ಮೈ, ತೊಟ್ಟಿನ ಸುತ್ತ ತುಕ್ಕು ಹಿಡಿದ ಹಾಗೆ ಕಂದು. ನೀನು ತರುತ್ತಿದ್ದದ್ದು ಇದೇ ತಾನೇ? ಆ ಕಂದು ಇತ್ತೋ ಇಲ್ಲವೋ, ಅದೊಂದನ್ನು ಇನ್ನೊಮ್ಮೆ ಸರಿಯಾಗಿ ನೆನೆದು ನೋಡಪ್ಪಾ.

ನಿನ್ನ ಸುಮಿ