ಮೇಜಿನ ಮೇಲಿನ ಚಿನ್ನದ ತಟ್ಟೆ

ಒರೆಮನೆ, ಮೈಸೂರು
ಕವಚವರ್ಷ ಇನ್ನೂರ ನಲವತ್ತು, ಬೇಗೆಮಾಸದ ಮೂವತ್ತೇಳನೆಯ ದಿನ

ಚಿತ್ರ ಬರೆದ ಸಿಂಧುಶ್ರೀ ಅವರಿಗೆ ದೇವೀರಮ್ಮನ ನಮಸ್ಕಾರಗಳು.

ನಮ್ಮ ತಿಂಗಳುಗಳು ನಿಮ್ಮ ಕಾಲದವಕ್ಕಿಂತ ಉದ್ದ. ನಮ್ಮ ಮಾತೂ ನಿಮಗೆ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ಈ ಪತ್ರ ನಿಮ್ಮನ್ನು ಹೇಗೆ ತಲುಪುತ್ತದೋ ತಿಳಿಯದು. ಆದರೆ ನಿಮ್ಮನ್ನು ಬಿಟ್ಟರೆ ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ.

ಹಳೆಯ ಕಾಲದ ವಸ್ತುಗಳಿಗೆ ಬೆಲೆ ಕಟ್ಟುವ ಜಾಗವನ್ನು ನಾವು ಒರೆಮನೆ ಎನ್ನುತ್ತೇವೆ. ನನ್ನ ಕೆಲಸ ಅಲ್ಲೇ. ಚಿನ್ನ ಸೋಕಿದ ಪ್ರತಿಯೊಂದು ವಸ್ತುವೂ ನಮ್ಮಲ್ಲಿಗೆ ಬರಲೇಬೇಕು. ಏಕೆಂದರೆ ನಮ್ಮ ಬೀದಿಗಳ, ಮನೆಗಳ ಮೇಲೆ ಕವಚವಿದೆ, ಅಂದರೆ ಚಿನ್ನದ ರೇಕು ಅಂಟಿಸಿದ ತೆಳುವಾದ ಚಾವಣಿ. ಅದಿಲ್ಲದ ಕಡೆ ಬಿಸಿಲು ಮನುಷ್ಯರನ್ನು ಸುಟ್ಟುಬಿಡುತ್ತದೆ. ಮನೆಗಳಿಗೆ ಕಿಟಕಿಯಿಲ್ಲ. ಹಬ್ಬ ಬಂದರೆ ಹೆಂಗಸರು ಗೋಡೆಯ ಮೇಲೆ ಕಿಟಕಿಯ ರಂಗೋಲಿ ಬಿಡಿಸುತ್ತಾರೆ. ದೇವರ ಮೇಲಿನ ಚಿನ್ನವನ್ನು ಮಾತ್ರ ನಾವು ಕೆರೆಯುವುದಿಲ್ಲ, ಉಳಿದದ್ದೆಲ್ಲ ಕವಚಕ್ಕೆ ಹೋಗುತ್ತದೆ. ಚಿನ್ನ ಯಾವುದರ ಮೇಲಿದೆ ಎಂದು ಬೆಲೆ ಕಟ್ಟುವವರು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ನಿಮ್ಮ ಚಿತ್ರದ ಸರದಿ ನಾಳೆ.

ಕಾಗದದ ಒಂದು ಮೂಲೆಯನ್ನು ಹುಳು ತಿಂದಿದೆ, ಇನ್ನೊಂದರಲ್ಲಿ ನಿಮ್ಮ ಹೆಸರು ಉಳಿದಿದೆ. ಪೆನ್ಸಿಲ್ಲಿನ ಗೆರೆಗಳು ಮಾಸಿವೆ. ಸ್ಟೀಲ್ ಲೋಟ, ಅರ್ಧ ಸುಲಿದ ರಸಬಾಳೆ, ಮಡಿಸಿಟ್ಟ ಕನ್ನಡಕ ಕಾಣುತ್ತವೆ. ಅವುಗಳ ಕೆಳಗೆ ಮೇಜಿನ ಮೇಲೆ ಓರೆಯಾಗಿ, ಅಂಗೈಯಗಲದ ಚಿನ್ನ. ಒಂದಿಷ್ಟೂ ಸವೆದಿಲ್ಲ. ನಮ್ಮ ಹಿರಿಯರಾದ ಮರಿಮಾದಯ್ಯ ಒಮ್ಮೆ ಇಣುಕಿ, “ತಟ್ಟೆ ಕಣವ್ವ ಅದು. ಅಷ್ಟೊತ್ತಿಂದ ಏನ್ ನೋಡ್ತಾ ಕುಂತಿದ್ದೀಯೆ?” ಎಂದು ನಕ್ಕು ಹೋದರು.

ತಟ್ಟೆಯಾಗಿದ್ದರೆ ಮೇಜಿನ ಅಂಚಿನಲ್ಲಿ ಮುರಿದು ಕೆಳಗಿಳಿಯುತ್ತಿತ್ತೇ? ಲೋಟದ ನೆರಳು ಅದರ ಮೇಲೆ ಉದ್ದಕ್ಕೆ ಬಿದ್ದಿದೆ, ಕಿಟಕಿಯ ಸರಳುಗಳ ನೆರಳೂ ಇದೆ. ಅದು ಬಿಸಿಲು ಎಂದು ಹೊಳೆದಾಗ ಚಿತ್ರವನ್ನು ಕೈಬಿಟ್ಟು ಗೋಡೆಗೆ ಒರಗಿದೆ. ನೀವು ಅದನ್ನು ಮನೆಯೊಳಗೆ ಬಿಟ್ಟುಕೊಂಡಿದ್ದಿರಿ. ಹಣ್ಣಿನ ಪಕ್ಕದಲ್ಲಿ ಕೂರಿಸಿ, ಚಂದವೆಂದು ಚಿನ್ನ ಹಚ್ಚಿದಿರಿ. ನಿಮಗೆ ಒಂದಿಷ್ಟೂ ಭಯವಿರಲಿಲ್ಲವಲ್ಲ ತಾಯಿ!

ನನ್ನ ತಂಗಿ ಚೆನ್ನಾಜಿಯ ಅಡುಗೆಮನೆಯ ಮೇಲೆ ಕವಚ ಹರಿದಿದೆ. ಹರುಕೂ ಅಂಗೈಯಗಲವೇ, ಮುಂದೆ ಸಿಗುವ ರೇಕು ಅದಕ್ಕೇ ಎಂದು ಗೊತ್ತಾಗಿದೆ. ಅಲ್ಲಿಂದ ಇಳಿದ ಬಿಸಿಲಿನ ತುಂಡು ಹಗಲೆಲ್ಲ ನೆಲದ ಮೇಲೆ ಹಾವಿನಂತೆ ಸರಿಯುತ್ತದೆ. ಅವಳು ಒಲೆಯನ್ನು ಎಳೆದುಕೊಂಡು ಮೂಲೆಯಿಂದ ಮೂಲೆಗೆ ಓಡುತ್ತಾಳೆ. ಭುಜ ಆಗಲೇ ಬೆಂದಿದೆ. ನಾನು ಹೊಸ್ತಿಲು ದಾಟುವ ಮೊದಲೇ, “ಅಕ್ಕಾ, ರೇಕು ಸಿಕ್ತಾ?” ಎನ್ನುತ್ತಾಳೆ.

ನಿಮ್ಮವರು ಸೂರ್ಯನಿಗೆ ಕೈಮುಗಿಯುತ್ತಿದ್ದರಂತೆ. ಇದು ದೇವರು ಎಂದುಬಿಟ್ಟರೆ ನಿಮ್ಮ ಚಿತ್ರ ಉಳಿಯುತ್ತದೆ. ಚೆನ್ನಾಜಿ ಉಳಿಯುವುದಿಲ್ಲ. ನಾಳೆ ನಾನು ತಟ್ಟೆ ಎಂದೇ ಹೇಳುತ್ತೇನೆ. ಬೇರೆಯವರ ಕೈಗೆ ಕೊಡದೆ ನಾನೇ ಕೆರೆಯುತ್ತೇನೆ. ನೀವು ಬಿಸಿಲೆಂದು ಅಂಟಿಸಿದ್ದು ನನ್ನ ತಂಗಿಯ ಮನೆಗೆ ಬಿಸಿಲು ಬಾರದಂತೆ ತಡೆಯಲು ಹೋಗುತ್ತದೆ. ನನಗೆ ಭಯವಾಗುತ್ತಿದೆ, ಅಳುವೂ ಬರುತ್ತಿದೆ.

ಒಂದೇ ಬೇಡಿಕೆ. ಅದೇ ಮೇಜನ್ನು ಇನ್ನೊಂದು ಕಾಗದದಲ್ಲಿ ಬರೆದಿಡಿ. ಈ ಸಲ ಚಿನ್ನ ಬೇಡ, ಅರಿಸಿನ ಹಚ್ಚಿ. ಅರಿಸಿನ ಕೆರೆಯಲು ಯಾರೂ ಬರುವುದಿಲ್ಲ.

ದೇವೀರಮ್ಮ