ಉಮಾಶ್ರೀ ನಿಂತ ಗೆರೆ

ನವೆಂಬರ್ 9, ಬೆಳಿಗ್ಗೆ 6
ಬಿಪಿ 150/94. ದಿನಾ ಬರೆದಿಡಿ ಎಂದಿದ್ದಾರೆ ಡಾಕ್ಟರು. ಕೋಪ ಬಂದರೆ ಅದನ್ನೂ ಬರೆಯಬೇಕಂತೆ. ಹಾಗಾದರೆ ಈ ಡೈರಿ ಸಾಲದು.
ಕೋರ್ಟ್ ಒರೆಸಿದೆ. ಮರದ ನೆಲ ಹೊಸದು, ಗೆರೆ ನನ್ನದು. ರಾಜಾಜಿನಗರದಿಂದ ಕೆಂಗೇರಿವರೆಗೆ ಬಾಸ್ಕೆಟ್‌ಬಾಲ್ ಕೋರ್ಟಿಗೆ ಗೆರೆ ಎಂದರೆ ಈ ರಾಮಯ್ಯನೇ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಇಂಜಿನಿಯರುಗಳು ನನ್ನ ಹಗ್ಗಕ್ಕೆ ಕಾಯುತ್ತಾರೆ. ನೂಲಿನ ಹಗ್ಗ. ಒಂದು ತುದಿ ರಿಂಗಿನ ಕೆಳಗೆ ಹಿಡಿದು, ಗಂಟಿಗೆ ಸೀಮೆಸುಣ್ಣ ಕಟ್ಟಿ ಸುತ್ತು ಬಂದರೆ ಮೂರು ಪಾಯಿಂಟಿನ ಗೆರೆ. ಆಚೆಯಿಂದ ಹಾಕಿದ ಬಾಲಿಗೆ ಮೂರು, ಒಳಗಿನಿಂದ ಹಾಕಿದರೆ ಎರಡು.
ಲೀಗಿನವರು ಬಂದು ರಿಂಗಿನ ಎತ್ತರ ಮಾತ್ರ ಅಳೆದರು. "ಗೆರೆ ರಾಮಯ್ಯಂದಾ? ಬಿಡಿ ಮತ್ತೆ" ಎಂದು ಕಾಫಿ ಕುಡಿದು ಸೈನ್ ಹಾಕಿದರು.

ನವೆಂಬರ್ 23
ಬಿಪಿ 146/90. ಗೆದ್ದರು. ಇಲ್ಲಿ ಆಡಿದ ಮೂರೂ ಗೆಲುವು.
ಹೆಣ್ಣುಮಕ್ಕಳ ಪ್ರೊಫೆಷನಲ್ ಲೀಗು ಇದು. ಟೀಮಿಗೆ ವೃಷಭಾವತಿ ವಾರಿಯರ್ಸ್ ಎಂದು ಹೆಸರಿಟ್ಟಿದ್ದಾರೆ. ಊರಿನ ಕೊಳಚೆಯೆಲ್ಲ ಹರಿಯುವ ಹೊಳೆಯ ಹೆಸರು. ಯಾರ ತಲೆಯೋ! ಎದುರು ಪಾರ್ಟಿಯವರು ಮೂಗು ಮುಚ್ಚಿಕೊಂಡು "ಮೋರಿ ಟೀಮ್, ಮೋರಿ ಟೀಮ್" ಎಂದು ಕೂಗುತ್ತಾರೆ. ಉಮಾಶ್ರೀ ಎಂಬ ಹುಡುಗಿ ಒಂದೇ ಮ್ಯಾಚಿನಲ್ಲಿ ಎಂಟು ತ್ರೀ ಪಾಯಿಂಟರ್ ಹಾಕಿ ಅವರ ಬಾಯಿಯನ್ನೂ ಮುಚ್ಚಿಸಿದಳು. ಗದಗಿನ ಕಡೆಯವಳು. ಹೆಗ್ಗನಹಳ್ಳಿಯಲ್ಲಿ ಬಾಡಿಗೆ ಮನೆ, ಅಪ್ಪನಿಗೆ ಲೇತ್ ಕೆಲಸ. ನನ್ನನ್ನು ಅಜ್ಜಾ ಎನ್ನುತ್ತಾಳೆ. ಅನ್ನಲಿ.

ಡಿಸೆಂಬರ್ 7
ಬಿಪಿ 168/100. ಕಾರಣ ಉಮಾಶ್ರೀ.
ಮೊನ್ನೆ ಹೊರಗೆ ಹೋಗಿ ಸೋತು ಬಂದಿದ್ದಾರೆ. ಬೆಳಿಗ್ಗೆ ನಾನು ಒರೆಸುವಾಗ ಬಂದು ನಿಂತಳು.
"ಅಜ್ಜಾ, ಸಿಟ್ಟಾಗಬ್ಯಾಡ್ರಿ. ಈ ಗೆರಿ ಬರೋಬರಿ ಐತಿಲ್ರಿ?"
"ಯಾಕೆ?"
"ಹೊರಗ ಹೋದ್ರ ಬಾಲ್ ಒಳಗ ಬೀಳವಲ್ದು. ರಿಂಗಿನ ಮುಂದಿನ ಕಂಬಿಗೆ ಬಡದು ವಾಪಸ್ ಬರತೈತಿ. ಇಲ್ಲಿ ಅಷ್ಟ ಬೀಳತಾವ."
"ನಿಂಗೆ ಎಸೆಯಕ್ಕೆ ಬರ್ದೆ ಇದ್ರೆ ನನ್ನ ಗೆರೆ ಏನಮ್ಮ ಮಾಡುತ್ತೆ? ನೀನು ಹುಟ್ಟೋಕ್ ಮುಂಚೆಯಿಂದ ಗೆರೆ ಎಳೀತಾ ಇದೀನಿ. ಹೋಗು, ಪ್ರಾಕ್ಟೀಸ್ ಮಾಡು."
ಮುಖ ಸಣ್ಣದು ಮಾಡಿಕೊಂಡು ಹೋದಳು. ಇನ್ನೂರು ಸಲ ಎಸೆದಳು. ಪ್ರತಿ ಸಲವೂ ನನ್ನ ಗೆರೆಗೆ ಅಂಟಿಕೊಂಡೇ ನಿಂತು.

ಜನವರಿ 18
ಬ್ಯಾಡರಹಳ್ಳಿಯ ಒಂದು ಸ್ಕೂಲಿನಲ್ಲಿ ಗೆರೆ ಕೆಲಸ. ಪಿಟಿ ಮೇಡಂ ಅನಂತಲಕ್ಷ್ಮಿ ಟೇಪು ಹಿಡಿದು ನಿಂತಿದ್ದರು.
"ಯಜಮಾನ್ರೇ, ಆರು ಮೀಟರ್ ಎಪ್ಪತ್ತೈದು ಇರ್ಬೇಕು. ನಿಮ್ಮ ಹಗ್ಗ ಆರಿಂಚು ಕಮ್ಮಿ ಬರ್ತಾ ಇದೆ."
"ನಿಮ್ಮ ಟೇಪು ಸುಳ್ಳು."
ಇನ್ನೊಂದು ಟೇಪು ತರಿಸಿದರು. ಅದೂ ಅದನ್ನೇ ಹೇಳಿತು.
ಮನೆಗೆ ಬಂದು, ಹಗ್ಗಕ್ಕೇನಾಯಿತು ಎಂದು ಹೆಂಡತಿಯನ್ನು ಕೇಳಿದೆ. ಬೋರಮ್ಮ ಸಾರಿಗೆ ಒಗ್ಗರಣೆ ಹಾಕುತ್ತಲೇ ಹೇಳಿದಳು: "ಗೌರಿ ಹಬ್ಬಕ್ಕೆ ಮುಂಚೆ ಹಂಡೆಯಲ್ಲಿ ಸೋಡಾ ಹಾಕಿ ಕುದಿಸ್ದೆ. ನಾಯಿ ಮಲಗಿದ ಚಾಪೆ ಥರ ನಾರ್ತಿತ್ತು."
"ಯಾರೇ ಹೇಳಿದ್ದು ನಿಂಗೆ?"
"ಯಾರ್ ಹೇಳ್ಬೇಕು? ತೊಳೆದಿದ್ದು ನಾನು. ಆಮೇಲೆ ಅಳೆದು ನೋಡದೇನೇ ಗೆರೆ ಎಳೆದಿದ್ದು ಯಾರು?"
ತಟ್ಟೆ ತಳ್ಳಿ ಎದ್ದೆ. ನೂಲು ಬಿಸಿನೀರಿಗೆ ಕುಗ್ಗುತ್ತದೆ ಎಂದು ತಿಳಿಯದವನೇನಲ್ಲ. ಅಳೆಯಬೇಕಿತ್ತು. ಇಷ್ಟು ವರ್ಷ ಅಳೆಯದೆ ನಡೆಯಿತು.

ಜನವರಿ 19, ಬೆಳಿಗ್ಗೆ 5
ಟೇಪು ತಂದು ನಮ್ಮ ಕೋರ್ಟ್ ಅಳೆದೆ. ಎರಡೂ ಕಡೆ. ಆರಿಂಚು ಕಮ್ಮಿ.
ಆ ಹುಡುಗಿ ಕೇಳಿದ್ದಳು.

ಫೆಬ್ರವರಿ 2
ಗೆದ್ದರು.

ಫೆಬ್ರವರಿ 15
ಬಿಪಿ ನೋಡುವುದನ್ನೇ ಬಿಟ್ಟಿದ್ದೇನೆ.
ಈ ನೆಲದಲ್ಲಿ ಒಂಬತ್ತಕ್ಕೆ ಒಂಬತ್ತು ಗೆಲುವು. ಲೀಗಿನಲ್ಲಿ ಯಾವ ಟೀಮೂ ಹೀಗೆ ಮಾಡಿಲ್ಲವಂತೆ. ಉಮಾಶ್ರೀಯದು ಅರವತ್ತೆಂಟು ತ್ರೀ ಪಾಯಿಂಟರ್. ಹಳೆಯ ದಾಖಲೆ ಅರವತ್ತೊಂದು. ಅರವತ್ತೆಂಟರಲ್ಲಿ ಐವತ್ತೆರಡು ಇಲ್ಲಿ, ಹದಿನಾರು ಹೊರಗೆ. ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲವೇ?
ಕೋಚ್ ಭೈರೇಶ್ ಹೆಗಲ ಮೇಲೆ ಕೈ ಹಾಕಿದ. "ರಾಮಯ್ಯನೋರೇ, ಈ ಕೋರ್ಟಲ್ಲಿ ಏನೋ ಇದೆ ಕಣ್ರೀ. ಇಲ್ಲಿಗೆ ಬಂದ್ರೆ ನಮ್ ಹುಡುಗೀರ ಮೈಮೇಲೆ ದೇವರು ಬರುತ್ತೆ."
ಏನಿದೆ ಎಂದು ಹೇಳಬೇಕಿತ್ತು. ಫೈನಲ್ ಮುಗಿಯಲಿ ಎಂದುಕೊಂಡೆ. ಹೆದರಿದೆ ಎಂದು ಬರೆದರೆ ಸರಿ.

ಮಾರ್ಚ್ 1
ಫೈನಲ್ ಇಲ್ಲೇ ನಡೆಯಿತು. ಚಾಂಪಿಯನ್.
ಹತ್ತು ಸೆಕೆಂಡ್ ಬಾಕಿ ಇದ್ದಾಗ ನಮ್ಮವರು ಎರಡು ಪಾಯಿಂಟ್ ಹಿಂದೆ. ಬಾಲ್ ಉಮಾಶ್ರೀ ಕೈಗೆ ಬಂತು. ನಾನು ರಿಂಗ್ ನೋಡಲಿಲ್ಲ, ಅವಳ ಶೂ ನೋಡಿದೆ. ನನ್ನ ಗೆರೆಯಿಂದ ಎರಡು ಬೆರಳು ಆಚೆ. ನಿಜವಾದ ಗೆರೆಯಿಂದ ನಾಲ್ಕಿಂಚು ಒಳಗೆ. ಬಿತ್ತು. ಮೂರು ಕೊಟ್ಟರು. ಎರಡು ಕೊಟ್ಟಿದ್ದರೆ ಸಮ, ಅಷ್ಟೇ.
ಹುಡುಗರು "ಮೋರಿ ಅಲ್ಲ ಮಚ್ಚಾ, ಸಮುದ್ರ!" ಎಂದು ಕುಣಿದರು. ಹುಡುಗಿಯರು ಕಪ್ಪು ತಂದು ನನ್ನ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರು. "ಅಜ್ಜಾ, ನಗ್ರಿ! ಒಂದ ಸಲ ನಗ್ರಿ!"
ಕಪ್ಪನ್ನು ಕೂಡಲೇ ವಾಪಸ್ ಕೊಟ್ಟೆ. ವಯಸ್ಸು ಎಂದುಕೊಂಡರು.

ಮಾರ್ಚ್ 20
ಉಮಾಶ್ರೀ ದೇಶದ ಟೀಮಿನ ಕ್ಯಾಂಪಿಗೆ ಹೋಗಿದ್ದಳು. ನಾಲ್ಕೇ ದಿನಕ್ಕೆ ವಾಪಸ್. ನಲವತ್ತು ಎಸೆತದಲ್ಲಿ ಆರು ಬಿದ್ದವಂತೆ. ಸ್ವಂತ ಮನೆಯಲ್ಲಿ ಮಾತ್ರ ಹುಲಿ ಎಂದು ನಕ್ಕರಂತೆ.
ಮೆಟ್ಟಿಲ ಮೇಲೆ ಕೂತಿದ್ದಳು. ಬರಿಗಾಲು.
"ಶೂ ಎಲ್ಲಮ್ಮ?"
"ಕೊಟ್ಟಬಿಟ್ಟೆ ಒಬ್ಬಾಕಿಗೆ. ನನ್ನ ಕೈ ಹೋತ್ರಿ ಅಜ್ಜಾ. ಮುಂದಿನ ಸೀಸನ್ ಆಡಂಗಿಲ್ಲ. ಅಪ್ಪ ಎಲ್ಲೋ ಕೆಲಸ ನೋಡ್ಯಾನ."
"ಎಲ್ರಿಗೂ ಹಂಗಾಗುತ್ತೆ" ಎಂದೆ. ಬಾಯಿಗೆ ಬಂದದ್ದು ಅಷ್ಟೇ. ನಾಲಿಗೆ ಬಿದ್ದುಹೋಗಬೇಕು.

ಮಾರ್ಚ್ 27, ಸಂಜೆ
ಸೀಸನ್ ಮುಗಿಯಿತಲ್ಲ, ಹೊಸ ಪಾಲಿಷ್ ಹಾಕಲು ನಾಳೆ ನೆಲ ಉಜ್ಜುವವರು ಬರುತ್ತಾರೆ. ಹತ್ತು ಗಂಟೆಗೆ ಮೆಷಿನ್. ಹಳೆಯ ಗೆರೆ ಪುಡಿಯಾಗಿ ಹೋಗುತ್ತದೆ. ಭೈರೇಶ್ ಫೋನ್ ಮಾಡಿ, ಹೊಸ ಗೆರೆಯೂ ನಿಮ್ಮದೇ, ನಿಮ್ಮ ಹಗ್ಗದಲ್ಲೇ ಎಂದ.
ಹತ್ತರ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಕಪ್ಪು ಉಳಿಯುತ್ತದೆ. ಅವಳ ದಾಖಲೆ ಉಳಿಯುತ್ತದೆ. ನನ್ನ ಹೆಸರು ಉಳಿಯುತ್ತದೆ. ಅವಳ ಕೈ ಮಾತ್ರ...
ಬೋರಮ್ಮ ಬಡಿಸುತ್ತಾ, "ಕೈ ಸರಿ ಇರೋ ಹುಡುಗೀಗೆ ಕೈ ಹೋಯ್ತು ಅಂತ ನಂಬ್ಸಿ, ನೀವು ಹೆಂಗೆ ಮುದ್ದೆ ಮುರೀತೀರಾ?" ಎಂದಳು. ಬೈದೆ. ಆಮೇಲೆ ಉಮಾಶ್ರೀಗೆ ಫೋನ್ ಮಾಡಿ ನಾಳೆ ಎಂಟಕ್ಕೆ ಬಾ ಎಂದೆ.

ಮಾರ್ಚ್ 28, 9 ಗಂಟೆ, ಸ್ಟೋರ್ ರೂಮ್
ಟೇಪಿನ ತುದಿ ಕೊಟ್ಟು ಅವಳನ್ನು ರಿಂಗಿನ ಕೆಳಗೆ ನಿಲ್ಲಿಸಿದೆ. ಹಿಂದಕ್ಕೆ ನಡೆದೆ. ಗೆರೆ ಬಂತು. ಆರು ಮೀಟರ್ ಎಪ್ಪತ್ತೈದು ಇನ್ನೂ ಬಂದಿರಲಿಲ್ಲ. ಕರೆದು ಓದು ಎಂದೆ. ಓದಿದಳು. ಬರಿಗಾಲನ್ನು ಗೆರೆಯ ಹಿಂದಿಟ್ಟಳು, ಇನ್ನೂ ಹಿಂದೆ ಸರಿದಳು. ಕೈ ಎತ್ತಿ ಬಾಲ್ ಇಲ್ಲದೆಯೇ ಎಸೆದಳು. ಅಳು ಬಂತು ಅವಳಿಗೆ.
"ಕೈ ಐತ್ರಿ ಅಜ್ಜಾ."
ಅಲ್ಲೇ ಭೈರೇಶ್‌ಗೆ ಫೋನ್ ಮಾಡಿದಳು. ರೆಕಾರ್ಡ್ ಹೋದ್ರ ಹೋಗ್ಲಿ ಸರ್, ಎಲ್ಲಾ ಹೇಳೂಣು ಎಂದಳು. ಇಷ್ಟು ಸಲೀಸಾಗಿ! ಆಮೇಲೆ ನನ್ನ ಕಡೆ ತಿರುಗಿದಳು.
"ನಿಮಗ ಇದು ಯಾವಾಗ ಗೊತ್ತಾತ್ರಿ?"
"ನಿನ್ನೆ" ಎಂದೆ.
"ಹಂಗಾದ್ರ ನಿಮ್ಮದೇನ್ ತಪ್ಪೈತಿ ಬಿಡ್ರಿ" ಎಂದು ಎರಡೂ ಕೈ ಹಿಡಿದುಕೊಂಡಳು.
ಭೈರೇಶ್ ಹೊರಟಿದ್ದಾನೆ. ತಾರೀಖು ಸಮೇತ ಬರೆದು ಕೊಡಬೇಕಂತೆ. ಬರೆದದ್ದು ಇಲ್ಲೇ ಇದೆ. ಜನವರಿ 19. ಬಾಗಿಲ ಆಚೆ ಅವಳು ಬಾಲ್ ಪುಟಿಸುತ್ತಿದ್ದಾಳೆ. ಅವನು ಬರುವಷ್ಟರಲ್ಲಿ ಆ ಹಾಳೆಯನ್ನು ಹರಿಯಲೇ, ಅವಳಿಗೇ ಓದಲು ಕೊಡಲೇ...