ಬಯಾಸ್‌ಗೆ ಕೂರಿಸಿದ ನಾಬ್

ನವೆಂಬರ್ ೧೯, ಬುಧವಾರ

ಭಾವಮೈದುನನ ಗಿಟಾರ್ ಆಂಪ್ಲಿಫೈಯರ್ ಮತ್ತೆ ನನ್ನ ಮೇಜಿನ ಮೇಲೇ ಬಂದು ಕೂತಿದೆ. ರಿಪೇರಿ ಮಾಡಿ ಕೊಟ್ಟು ನಾಲ್ಕು ದಿನವೂ ಆಗಿಲ್ಲ. ಸದ್ದು ಹಿಗ್ಗಿಸುವ ಗಾಜಿನ ವಾಲ್ವ್‌ಗಳು ಎರಡೂ ಸುಟ್ಟಿವೆ. ಹಿಂದಿನ ಹಲಗೆ ಬಿಚ್ಚುವ ಮೊದಲೇ ವಾಸನೆ ಹೇಳಿತು.

ಹೋದ ವಾರವೆಲ್ಲ ಕೂತು ಅದಕ್ಕೆ ಬಯಾಸ್ ಹೊಂದಿಸುವ ಕಂಟ್ರೋಲ್ ಹಾಕಿದ್ದೆ. ನುಡಿಸದೆ ಸುಮ್ಮನಿದ್ದಾಗ ವಾಲ್ವ್ ಎಷ್ಟು ಕರೆಂಟ್ ಎಳೆಯಬೇಕೆಂದು ಅದರಲ್ಲಿ ಗೊತ್ತುಮಾಡಬಹುದು. ಹೊಸ ವಾಲ್ವ್ ಹಾಕಿದಾಗ ಮೀಟರ್ ಹಿಡಿದು ಒಮ್ಮೆ ತಿರುಗಿಸಿದರೆ ಮುಗಿಯಿತು, ಆಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಇವನು ಮುಟ್ಟಿದ್ದಾನೆ.

"ಸ್ವಲ್ಪ ಜಾಸ್ತಿ ಮಾಡ್ದೆ ಭಾವ, ಅಷ್ಟೆ," ಎಂದ. "ಏನ್ ಸೌಂಡ್ ಬಂತು ಅಂತೀರಿ. ವಾಲ್ವ್ ಕೆಂಪಗೆ ಎಷ್ಟ್ ಚೆನ್ನಾಗ್ ಕಾಣ್ತಿತ್ತು."

ಅದು ಕೆಂಪಗಾದದ್ದು ಪ್ರಾಣ ಹೋಗುವಾಗ ಎಂದು ಇವನಿಗೆ ಯಾರು ಹೇಳಬೇಕು. ಕೋಣನ ಮುಂದೆ ಕಿನ್ನರಿ ಎನ್ನುತ್ತಾರೆ. ಇಲ್ಲಿ ಕೋಣನ ಕೈಯಲ್ಲೇ ಕಿನ್ನರಿ.

ಊಟಕ್ಕೆ ಕೂತರೂ ನನ್ನ ಗೊಣಗಾಟ ನಿಲ್ಲಲಿಲ್ಲ. ಹೆಂಡತಿ ತಮ್ಮನ ಪರ ವಹಿಸಲಿಲ್ಲ. ಒಂದೇ ಮಾತು ಕೇಳಿದಳು: "ಮುಟ್ಟಬಾರ್ದು ಅಂದ್ಮೇಲೆ ಅದನ್ನ ಹೊರಗಡೆ ಯಾಕಿಟ್ರಿ? ಅದಕ್ಕೆ ನಾಬ್ ಬೇರೆ."

ಕೈ ತೊಳೆದು ಮತ್ತೆ ಮೇಜಿನ ಹತ್ತಿರ ಬಂದೆ.

ಒಳಗೆ, ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣದೊಂದು ಕಂಟ್ರೋಲ್ ಸಾಕಾಗಿತ್ತು. ಹಲಗೆಗೆ ತೂತು ಕೊರೆದು, ಹೊಳೆಯುವ ನಾಬ್ ಕೂರಿಸಿ, ಸುತ್ತ ಒಂದರಿಂದ ಹತ್ತರವರೆಗೆ ಅಂಕಿ ಬರೆದವನು ನಾನೇ. ನಾಲ್ಕು ಜನ ನನ್ನ ಕೆಲಸ ನೋಡಲಿ ಎಂದು.

ಈಗಲೂ ಅದು ಹತ್ತರಲ್ಲೇ ಇದೆ. ಆ ಹತ್ತನ್ನಂತೂ ಎಷ್ಟು ಅಂದವಾಗಿ ಬರೆದಿದ್ದೆ.